ತೂಕ ನಿಲ್ಲುವ ತನಕ

ತಾರ್ತುವಿನಲ್ಲಿ ಡಿಸೆಂಬರಿನ ಸೂರ್ಯ
ಒಂಬತ್ತಕ್ಕೆ ಬಂದು ಮೂರೂಕಾಲಿಗೆ ಎದ್ದುಹೋಗುವ
ಹಂಗಾಮಿ ಗುಮಾಸ್ತ.
ಉಳಿದ ಹದಿನೇಳೂಮುಕ್ಕಾಲು ಗಂಟೆಗಳ ಕಡತ
ನನ್ನ ಮೇಜಿನ ಮೇಲೆ.

ಊರಿಗೆ ಹೋಗುವ ಟಿಕೆಟ್ಟಿನ ದರ ನೋಡಿ
ಪುಟ ಮುಚ್ಚಿದ್ದು ಅಕ್ಟೋಬರಿನಲ್ಲಿ.
ಆಮೇಲೂ ತೆರೆದು ನೋಡಿದ್ದು ಹನ್ನೊಂದು ಸಲ.
ಅದಕ್ಕೇ ಹಾಸ್ಟೆಲಿನ ಗೋಡೆಗೆ ಅಂಟಿಸಿದ
ಚೀಟಿಗಳಲ್ಲೆಲ್ಲ ಹೆಸರು ಬರೆದೆ.
ಗಾಯನವೃಂದದ ಮೂರನೇ ಸಾಲಿನಲ್ಲಿ ನಿಂತು
ಅರ್ಥ ತಿಳಿಯದ ಮಾತಿಗೆ ಬಾಯಿ ತೆರೆಯುತ್ತೇನೆ.
ಹೆಲ್ವೆ ಅಜ್ಜಿಯ ಬಳಿ ಉಣ್ಣೆಯ ಕೈಗವಸು ಕಲಿತು
ಎರಡು ಮುಗಿಸಿದ್ದೇನೆ. ಎರಡೂ ಎಡಗೈಯವು.
"ಇರಲಿ," ಅಂದಳು ಅಜ್ಜಿ,
"ಬಲಗೈಗೆ ಜೇಬಿದೆಯಲ್ಲ."

ಅವ್ವನ ಫೋನು ಬರುವುದು
ನಾನು ಬೂಟಿನ ದಾರ ಕಟ್ಟುವಾಗಲೇ.
"ಏನ್ ಮಾಡಾಕತ್ತೀ ನಮ್ಮವ್ವಾ?"
"ಕೆಲಸ ಐತಿ, ಆಮ್ಯಾಲ ಮಾಡ್ತೀನಿ."
ಆ ಆಮ್ಯಾಲಗಳನ್ನು ಸಾಲಾಗಿ ಜೋಡಿಸಿದರೆ
ಗದಗಿನ ಸ್ಟೇಷನ್ನು ಮುಟ್ಟಬಹುದು.

ರಾತ್ರಿ ಹನ್ನೊಂದಕ್ಕೆ ಅಡುಗೆಮನೆಯಲ್ಲಿ
ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದೆ.
ಕುತೈಸಿಯ ಮಾಕ್ವಾಲಾ ಬಂದಳು, ಏನೂ ಕೇಳಲಿಲ್ಲ.
ಒರೆಸುವ ಬಟ್ಟೆ ತಗೊಂಡು ಪಕ್ಕಕ್ಕೆ ನಿಂತಳು.

ಮಣ್ಣು ನನ್ನ ಓದು.
ಬಿಸಿಲಿಗೆ ಬಾಯಿ ಬಿಡುವ ಎರೆಯಲ್ಲಿ ಕಾಲಿಟ್ಟು ಬೆಳೆದವಳು
ಇಲ್ಲಿ, ಸಾವಿರಾರು ವರ್ಷ ಕೊಳೆಯದೆ ಮಲಗಿದ
ಜೌಗಿನ ಪಾಚಿಯನ್ನು ಬಟ್ಟಲಲ್ಲಿಟ್ಟು
ನೂರೈದು ಡಿಗ್ರಿಯಲ್ಲಿ ಒಣಗಿಸುತ್ತೇನೆ.
ತೂಗು, ಒಣಗಿಸು, ಮತ್ತೆ ತೂಗು.
ತೂಕ ಇಳಿಯುವುದು ನಿಲ್ಲುವ ತನಕ ಬಿಡಬಾರದು,
ಅದು ನಿಯಮ.
ಹತ್ತರಲ್ಲಿ ಒಂಬತ್ತು ಪಾಲು ನೀರು.

ಹೆಣಿಗೆಯ ನಡುವೆ ಹೆಲ್ವೆ ಅಜ್ಜಿ ಹೇಳಿಕೊಟ್ಟಿದ್ದಳು:
ಅವರ ನುಡಿಯಲ್ಲಿ "ತೋ" ಅಂದರೆ ಕೆಲಸ,
"ಓ" ಅಂದರೆ ರಾತ್ರಿ.
ಹಾಗಲ್ಲ, ಹಾಗಲ್ಲ, ತುಟಿ ದುಂಡಗೆ, ನಾಲಿಗೆ ಮುಂದೆ...
ನನ್ನ ಬಾಯಿಗೆ ಅದು ಪೂರ್ತಿ ಒಗ್ಗಲೇ ಇಲ್ಲ.
ಆದರೆ ಇಷ್ಟು ತಿಳಿಯಿತು:
ಮೊದಲಿನ ಒಂದು ಅಕ್ಷರ ಉದುರಿದರೆ ಸಾಕು,
ಕೆಲಸವೆಲ್ಲ ರಾತ್ರಿ.

ಉದುರಿತು, ಇಪ್ಪತ್ತನೇ ತಾರೀಖು.
"ನಿನ್ನೆಯದೇ ತೂಕ, ಇವತ್ತೂ ಅದೇ," ಅಂದ
ಲ್ಯಾಬಿನ ತಾರ್ಮೋ, "ಒಣಗಿದೆ, ಸಾಕು."
ಓವನ್ನಿನ ಗುಂಡಿ ಒತ್ತಿ ಆರಿಸಿದ.
ಗಾಯನವೃಂದ ಶುಂಠಿ ಬಿಸ್ಕತ್ತು ತಿಂದು ಚದುರಿತು.
ಅಜ್ಜಿ ಮಗಳ ಮನೆಗೆ, ದ್ವೀಪಕ್ಕೆ.
ಬೀದಿಯಲ್ಲಿ ಜನ ಕೋಟಿಗೆ ನೇತುಹಾಕಿಕೊಂಡ
ಹೊಳೆಯುವ ಬಿಲ್ಲೆಗಳು
ಕಾರಿನ ಬೆಳಕಿಗೆ ಒಮ್ಮೆ ಮಿಂಚಿ
ಒಂದೊಂದಾಗಿ ಮನೆ ಸೇರಿದವು.

ಮಂಚದ ಹತ್ತಿರ ಬಂದು ನಿಂತೆ,
ಕೂರುವುದು ಹೇಗೆಂದು ಮರೆತವಳ ಹಾಗೆ.

ಆಗ ಪಡಸಾಲೆಯ ಆ ತುದಿಯಿಂದ:
"ಶಿವಾ! ಶಿವಲೀಲಾ!"

"ಓ," ಅಂದೆ.
ಕರೆದವರಿಗೆ ನಮ್ಮ ಕಡೆ ಅನ್ನುವ ಓ.
ತುಟಿ ದುಂಡಗಾಯಿತೋ ಇಲ್ಲವೋ
ನೋಡಲು ಅಜ್ಜಿ ಇರಲಿಲ್ಲ.

ಮಾಕ್ವಾಲಾಳ ಬಸ್ಸು ಬೆಳಗಿನ ನಾಲ್ಕಕ್ಕೆ,
ಸೂಟ್‌ಕೇಸು ಬಾಯಿ ಮುಚ್ಚುತ್ತಿಲ್ಲ.
ತಮ್ಮನ ಬೂಟು, ಅಜ್ಜನಿಗೊಂದು ಕಪ್ಪು ಬ್ರೆಡ್ಡು,
ಯಾರಿಗೋ ದೀಪದ ಸರ,
ಎಲ್ಲದರ ಮೇಲೆ ನಾನು ಕೊಟ್ಟ ಒಂದು ಎಡಗೈ ಗವಸು.
"ಏನೂ ಮಾಡಬೇಡ ನೀನು.
ಬಂದು ಸುಮ್ಮನೆ ಇದರ ಮೇಲೆ ಕೂತ್ಕೋ."

ಕೂತೆ.
ಜಿಪ್ಪು ಒಂದೊಂದೇ ಹಲ್ಲು ಕಚ್ಚುತ್ತ
ನನ್ನ ಸುತ್ತ ಬರತೊಡಗಿತು.
"ಇನ್ನೂ," ಅಂದಳು ಮಂಡಿಯೂರಿ ಎಳೆಯುತ್ತ,
"ಪೂರ್ತಿ ಭಾರ ಬಿಡು."

ಬಿಟ್ಟೆ,
ಹತ್ತರಲ್ಲಿ ಒಂಬತ್ತು ಪಾಲು.