ಮೇಣದಬತ್ತಿ ಬಾಬ್ತು

ಮುಂಜಾನೆ ನಾಲ್ಕಕ್ಕೆ ಹಿಮ ತಳ್ಳುವ ಲಾರಿ.
ಹದಿನೇಳು ಮೈಲಿ ಹೋಗಿ ಬರುವಷ್ಟರಲ್ಲಿ
ಬಲಕ್ಕೆ ತಳ್ಳಿದ್ದು ಮತ್ತೆ ನಡುರಸ್ತೆಗೆ ಜಾರಿರುತ್ತದೆ.
ಗಂಟೆಗೆ ಹತ್ತೊಂಬತ್ತು ಡಾಲರ್.
ಅದರಲ್ಲೇ ಬಾಡಿಗೆ, ಅದರಲ್ಲೇ ಎರಡು ಪದವಿ.

"ಒಂದು ಸಾಲದೇನೇ?" ಎಂದಳು ಹಿಲ್ಯಾ ಅತ್ತೆ,
ಅಂಗಳದಲ್ಲಿ ಮೀನಿಗೆ ಹೊಗೆ ಹಾಕುತ್ತ.
"ಎರಡು ದೋಣಿಯಲ್ಲಿ ಕಾಲಿಟ್ಟವರನ್ನು
ಈ ಸುಪೀರಿಯರ್ ಸರೋವರ ಎಷ್ಟು ನುಂಗಿದೆ, ಗೊತ್ತೇ?"

ಬೆಳಗಿನ ಹೊತ್ತು ನಾನು ಇತಿಹಾಸದವಳು.
ನೆಲಮಾಳಿಗೆಯ ದಫ್ತರಖಾನೆ, ಕೈಗೆ ಹತ್ತಿಯ ಗವಸು,
ತಾಮ್ರದ ಗಣಿಯ ಕೂಲಿ ಪುಸ್ತಕಕ್ಕೆ ಒದ್ದೆ ನಾಯಿಯ ವಾಸನೆ.
ಅಬರ್ನಾಥಿ ಮೇಷ್ಟ್ರು ಕಲಿಸಿದ್ದು ಒಂದೇ ಪಾಠ:
ನಾನು 'ಖಂಡಿತ' ಎಂದು ಬರೆದಲ್ಲೆಲ್ಲ
ಅಂಚಿನಲ್ಲಿ ಕೆಂಪು ಶಾಯಿ,
ಯಾರು ಹೇಳಿದರು?

ಮಧ್ಯಾಹ್ನ ನಾನು ಶಿಕ್ಷಣದವಳು.
ಟ್ರೆಲೋರ್ ಮೇಡಂ ಲೆಕ್ಕದಲ್ಲಿ
ಪಾಠದ ಗುರಿ ಒಂದೇ ವಾಕ್ಯ, ಅದರಲ್ಲಿ ಅನುಮಾನವಿರಕೂಡದು.
ನಲವತ್ತೇಳು ನಿಮಿಷ. ಆರಂಭಕ್ಕೆ ಐದು, ಮುಕ್ತಾಯಕ್ಕೆ ಎಂಟು.
'ಪಾಠದ ಕೊನೆಗೆ ವಿದ್ಯಾರ್ಥಿಯು
ಗುರುತಿಸಬಲ್ಲನು, ಹೋಲಿಸಬಲ್ಲನು, ವಿವರಿಸಬಲ್ಲನು.'
ಒಮ್ಮೆ 'ಸುಮ್ಮನೆ ಕೂರಬಲ್ಲನು' ಎಂದು ಸೇರಿಸಿದ್ದೆ.
ಅದನ್ನು ಅಳೆಯುವುದು ಹೇಗೆ ಎಂದು ಹೊಡೆದುಹಾಕಿದರು.

ಐದು ವರ್ಷ ಹೀಗೇ,
ಬೆಳಿಗ್ಗೆ ಬಿಚ್ಚಿದ್ದನ್ನು ಮಧ್ಯಾಹ್ನ ಕಟ್ಟುತ್ತ.

ಆ ಪುಸ್ತಕದ ಒಂದು ಪುಟವೇ ನನ್ನ ಪ್ರಬಂಧ.
ಮುತ್ತಜ್ಜನ ಹೆಸರನ್ನು ಗುಮಾಸ್ತ ಮೂರು ಕಡೆ ಮೂರು ಥರ ಬರೆದಿದ್ದ:
ರೌಟಿಯೊ. ರೋಟೆ. ರಾಡಿ.
ಆ ತಪ್ಪುಗಳ ಮೇಲೆ ಮೂವತ್ತೊಂದು ಪುಟ ಬರೆದೆ,
ಅರವತ್ತು ಅಡಿಟಿಪ್ಪಣಿ.
ಒಳ್ಳೆಯ ದರ್ಜೆಯೇ ಬಂತು.

ಮಾರ್ಚ್. ಪ್ರೌಢಶಾಲೆ, ಹತ್ತನೆಯ ತರಗತಿ,
ಹಿಂದಿನ ಸಾಲಿನಲ್ಲಿ ಕಾಗದದ ಹಲಗೆ ಹಿಡಿದು ಟ್ರೆಲೋರ್ ಮೇಡಂ.
ಇಪ್ಪತ್ತಾರು ಮಕ್ಕಳ ಕೈಗೆ ಅದೇ ಪುಟದ ನಕಲು ಕೊಟ್ಟೆ.
ಡೇನ್ ಸ್ಟಿಪೆಟಿಚ್, ಉಗುರ ಸಂದಿಯಲ್ಲಿ ಗ್ರೀಸು,
ಶನಿವಾರ ಅಪ್ಪನ ಗ್ಯಾರೇಜಿನ ಬಿಲ್ಲು ಬರೆಯುವವನು,
ಕೈ ಎತ್ತಲಿಲ್ಲ, ತಲೆ ಎತ್ತಲಿಲ್ಲ:

"ಮಿಸ್, ಹನ್ನೊಂದಕ್ಕೆ ಇವನ ಹೆಸರಿನ ಮೇಲೆ ಗೀಟು. ಸತ್ತ ಅಂತಿದೆ.
ಇಪ್ಪತ್ತನೇ ತಾರೀಕು ಮೇಣದಬತ್ತಿ ಬಾಬ್ತು
ಅರವತ್ತು ಸೆಂಟು ಮುರಿದುಕೊಂಡಿದ್ದಾರೆ.
ಆ ಬತ್ತಿ ಉರಿಸಿದ್ದು ಯಾರು?"

ಎರಡು ವರ್ಷ ಆ ಸಾಲಿನ ಮೇಲೆ ಬೆರಳಿಟ್ಟು ಕೂತಿದ್ದೆ.
ಬೆರಳ ಕೆಳಗೇ ಇತ್ತು.

ಕಂಪನಿ ಕಳ್ಳ, ಎಂದ ಒಬ್ಬ.
ಗುಮಾಸ್ತನಿಗೆ ಕೈರೂಢಿ, ಎಂದಳು ಇನ್ನೊಬ್ಬಳು.
ಕಿಟಕಿಯ ಪಕ್ಕದ ಹುಡುಗಿ ಮೆಲ್ಲಗೆ,
ಹೆಣದ ತಲೆಯ ಹತ್ತಿರ ಹಚ್ಚಿರಬಹುದು.
ಗೋಡೆಯ ಗಡಿಯಾರ ಮುಕ್ತಾಯದ ಎಂಟು ನಿಮಿಷ ನುಂಗುತ್ತಿತ್ತು.
ಕೈಯಲ್ಲಿದ್ದ ಉತ್ತರದ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ
"ಗೊತ್ತಿಲ್ಲ" ಎಂದೆ.
ಬೆಲ್ಲು. ಕುರ್ಚಿಗಳ ಸದ್ದು. ಯಾರೋ ಚೀಲ ಮರೆತು ಓಡಿದರು.

ಮೇಡಂ ಕೊಟ್ಟ ಚೀಟಿ: ಗುರಿ ಮುಟ್ಟಲಿಲ್ಲ. ಮುಕ್ತಾಯವಿಲ್ಲ.
ಅದರ ಕೆಳಗೆ, ಪೆನ್ಸಿಲ್ಲಿನಲ್ಲಿ, ಅಳಿಸಬಹುದಾದಷ್ಟು ತೆಳ್ಳಗೆ:
ಮಗ ಇದ್ದನೇ?

ಮೇ ತಿಂಗಳಲ್ಲಿ ಹೆಸರು ಕೂಗುವುದು ಒಂದೇ ಸಲವಂತೆ.
ಒಂದೇ ಕೊಳವೆಯಲ್ಲಿ ಎರಡು ಹಾಳೆ ಸುತ್ತಿ ಕೊಡುತ್ತಾರೆ.
ಹಿಲ್ಯಾ ಅತ್ತೆ ಈಗಲೇ ಚೌಕಟ್ಟು ತಂದಿದ್ದಾಳೆ, ಒಂದು;
ಯಾವುದಕ್ಕೆ ಅಂತ ಕೇಳಿದರೆ, ನೀನೇ ಹೇಳಬೇಕು ಅನ್ನುತ್ತಾಳೆ.

ಮರುದಿನ ಲಾರಿ ನಿಲ್ಲಿಸಿದವಳು, ಬೂಟಿನ ಹಿಮ ಸಹ ಕೊಡವದೆ
ನೆಲಮಾಳಿಗೆಗೆ ಇಳಿದೆ.
ಸತ್ತ ಎಂದಿತ್ತಲ್ಲ, ಅದಕ್ಕೇ
ಮುಂದಿನ ಪುಟ ನಾನು ತಿರುವಿಯೇ ಇರಲಿಲ್ಲ.
ತಿರುವಿದೆ.
ಅದೇ ನಂಬರು. ಹೆಸರಿಗೆ ನಾಲ್ಕನೆಯ ಥರದ ಕಾಗುಣಿತ.
ಕೂಲಿ ಅರ್ಧ.
ಮೇಣದಬತ್ತಿ ಬಾಬ್ತು, ಅರವತ್ತು ಸೆಂಟು.

ಡೇನ್‌ಗೆ ಇನ್ನೂ ಹೇಳಿಲ್ಲ.
ಸೋಮವಾರ,
ಮೊದಲ ಐದು ನಿಮಿಷ.