ಅಕ್ಷರಕ್ಕೆ ಹದಿನೆಂಟು ರೂಪಾಯಿ

ರಾತ್ರಿ ಹತ್ತೂವರೆಗೆ ಎಂಜಿನಿಯರ್ ಸಾಹೇಬರ ಫೋನು:
‘ಬೋಸಯ್ಯ, ಕಲ್ಲು ಸಾಗಿಸಿಬಿಟ್ಟೆಯೇನೋ?’
ಇಲ್ಲ ಸಾರ್, ಹೊಳಲ್ಕೆರೆ ರಸ್ತೆಯ ಶೆಡ್ಡಲ್ಲೇ
ಗೋಣಿಚೀಲ ಹೊದ್ದು ಮಲಗಿದೆ.
‘ಸದ್ಯ! ಉಸ್ತುವಾರಿ ಮತ್ತೆ ಬದಲು.
ಹೊಸ ಹೆಸರು ಕಳಿಸೀನಿ, ಕಾಗುಣಿತ ನೋಡ್ಕೊ.’

ಹಂಗಾಮಿ ಸರ್ಕಾರ ಅನ್ನುತ್ತಾರೆ.
ನನಗೆ ಗೊತ್ತಿದ್ದ ಹಂಗಾಮು ಶೇಂಗಾದ್ದು:
ಬಿತ್ತಿ, ಕಿತ್ತು, ಬಡಿದು, ತೂರಿ
ನೂರಿಪ್ಪತ್ತು ದಿನ.
ಇವರದು ಅಷ್ಟೂ ಇಲ್ಲ.

ಮೊದಲು ಹಾಲಸಿದ್ಧಪ್ಪ. ಐದು ಅಕ್ಷರ, ಎರಡು ಒತ್ತು.
ಒತ್ತಿಗೆ ಬೇರೆ ದುಡ್ಡಿಲ್ಲ,
ಉಳಿ ಮಾತ್ರ ಎರಡು ಸಲ ಇಳಿಯಬೇಕು.
ಭರಮಸಾಗರದ ಹೆಣ್ಣುಮಕ್ಕಳ ಹಾಸ್ಟೆಲ್ಲಿನ ಉದ್ಘಾಟನೆ;
ಹುಡುಗಿಯರು ಆಗಲೇ ಒಳಗೆ ಸೇರಿ
ಕಿಟಕಿಗೆ ದಾವಣಿ ಒಣಹಾಕಿ ತಿಂಗಳಾಗಿತ್ತು.
ಚಿನ್ನದ ಬಣ್ಣ ಆರುವ ಮುಂಚೆ
ಹಾಲಸಿದ್ಧಪ್ಪ ಆರಿಹೋದರು.

ಆಮೇಲೆ ಗುತ್ಯಪ್ಪ. ಮೂರೇ ಅಕ್ಷರ.
ಕೊನೆಯ ‘ಪ್ಪ’ ಹಾಗೇ ಬಿಟ್ಟು
ಮುಂದಿನದಷ್ಟೇ ಸಾಣೆ ಹಿಡಿದೆ.
ಯಾರು ಬಂದರೂ ಯಾರಿಗೋ ಅಪ್ಪನೇ ತಾನೆ,
ಕಲ್ಲಿನಲ್ಲೂ ಒಂದಿಷ್ಟು ಉಳಿತಾಯವಿರಲಿ.
ಹೆಸರು ಬಲಕ್ಕೆ ವಾಲಿ ಕೂತಿತು.
ಕೆಳಗೆ ಅವರ ಖಾತೆ:
ಮೀನುಗಾರಿಕೆ ಮತ್ತು ಬಂದರು.
ಈ ದುರ್ಗದಲ್ಲಿ, ಬಂಡೆ ಬಿಟ್ಟರೆ ಬಂಡೆ ಇರುವ ಕಡೆ,
‘ಬಂದರು’ ಎಂದು ಕೆತ್ತಿದೆ ನಾನು.
ಬರಲಿಲ್ಲ ಅವರು. ಅದು ಬೇರೆ ಮಾತು.

ಈಗ ಸರ್ವಮಂಗಳಮ್ಮ.
ಆರು ಅಕ್ಷರ, ಮೇಲೊಂದು ಸೊನ್ನೆ, ಅರ್ಕಾವತ್ತು.
ಮೂವರು ಕೂತಿದ್ದ ಬೆಂಚಿನಲ್ಲಿ ಆರು ಜನ.
ಖಾತೆ ಹಂಚುವವರ ಸಂಕಟ
ಆ ಬೆಳಗಿನ ಜಾವ ನನಗೂ ಸ್ವಲ್ಪ ತಿಳಿಯಿತು.
ಇದ್ದೊಂದು ‘ಪ್ಪ’ವೂ ಹೋಯಿತು.
ಮೂರನೇ ಸಲ ಗ್ರೈಂಡರ್ ಇಟ್ಟಾಗ
ಮಗ ಕಾಟಲಿಂಗ ಬೆರಳು ಆಡಿಸಿ ನೋಡಿ ಅಂದ:
‘ಅಪ್ಪಾ, ಇಲ್ಲಿ ತಗ್ಗಾಗೈತೆ.’
ಹೌದು ಮಗನೆ,
ಮಂತ್ರಿಗಳ ಜಾಗ ತಗ್ಗಾಗಿದೆ.
ಗುತ್ತಿಗೆದಾರನ ಹೆಸರು ಮಾತ್ರ, ಮೂಲೆಯಲ್ಲಿ, ಸಣ್ಣಗೆ,
ಮೊದಲ ದಿನ ಹೇಗಿತ್ತೋ ಹಾಗೇ ಇದೆ.

ಮಧ್ಯಾಹ್ನ ಮೂರೂವರೆ. ‘ಳ’ದ ಸುತ್ತು ತಿರುಗಿಸುತ್ತಿದ್ದೆ.
ಎದುರಿನ ಪಂಕ್ಚರ್ ಅಂಗಡಿಯ ಟಿವಿಯಲ್ಲಿ
ಒಬ್ಬರು ತಣ್ಣನೆಯ ದನಿಯಲ್ಲಿ ತಾರೀಕು ಓದಿದರು.
ಐದು ನಿಮಿಷಕ್ಕೆ ಫೋನು:
‘ನೀತಿ ಸಂಹಿತೆ ಬಂತು ಬೋಸಯ್ಯ,
ಎಲ್ಲಿಗೆ ಬಂದೀಯೋ ಅಲ್ಲಿಗೇ ನಿಲ್ಸು.’
ನಿಲ್ಲಿಸಿದೆ.
ಸರ್ವಮಂಗಳ ಎಂದಷ್ಟೇ ಆಯಿತು, ಅಮ್ಮ ಬರಲಿಲ್ಲ.
‘ದಿನಾಂಕ’ದ ಮುಂದೆ ಕಲ್ಲು
ಗಣಿಯಿಂದ ಬಂದಷ್ಟು ನುಣುಪಾಗಿ ಖಾಲಿ.

ಬಿಲ್ಲು ಹಿಡಿದು ಹೋದೆ. ಗುಮಾಸ್ತ ಜಂಬುನಾಥ
ಫೋಟೋ ನೋಡಿ ಪೆನ್ಸಿಲ್ ತುದಿಯಿಂದ ಎಣಿಸಿದ.
ಸಾರ್, ಇದರಡಿ ಇನ್ನೂ ಇಬ್ಬರಿದ್ದಾರೆ, ಅಂದೆ.
‘ಇದ್ದದ್ದಕ್ಕೆ ಲೆಕ್ಕ ಇಲ್ಲಪ್ಪ, ಇರೋದಕ್ಕೆ ಮಾತ್ರ.’
ಕೆತ್ತಿದ್ದು ಒಂದು ತಾಸು ಸಾರ್, ಅಳಿಸಿದ್ದು ಮೂರು ತಾಸು.
‘ಅಳಿಸೋದಕ್ಕೆ ಕಾಲಮ್ಮೇ ಇಲ್ಲವಲ್ಲೋ’ ಅಂದು
ಪಾಪ, ಟೀ ತರಿಸಿಕೊಟ್ಟ.

ಇವತ್ತಿನ ಕೆಲಸ ಹಯಾತ್‌ಬೀ ಅವರ ಗೋರಿಕಲ್ಲು.
ಹುಟ್ಟಿದ ವರ್ಷ ಅಂದಾಜು, ಹೋದದ್ದು ಖಚಿತ.
ಮಗ ಮುಂಗಡವೆಲ್ಲ ಎಣಿಸಿಕೊಟ್ಟು
‘ನಿಧಾನಕ್ಕೆ ಮಾಡಿ, ಅವಸರ ಇಲ್ಲ’ ಅಂದಿದ್ದಾನೆ.
ಇಂಥ ಮಾತು ಕೇಳಿ ಎಷ್ಟು ದಿನವಾಗಿತ್ತು.

ಸಾಣೆಗೆ ಸುರಿದ ನೀರು ಇಳಿಜಾರಿಗೆ ಹರಿದು
ಪಕ್ಕದಲ್ಲಿ ಅಂಗಾತ ಬಿದ್ದ ಸರ್ಕಾರದ ಕಲ್ಲಿಗೆ ಹತ್ತಿ
ಆ ತಗ್ಗಿನಲ್ಲಿ, ಒಂದು ಬೊಗಸೆಯಷ್ಟು, ನಿಂತಿದೆ.
ಪಂಕ್ಚರ್ ಅಂಗಡಿಯ ನಾಯಿ ಬಂದು
ಒಮ್ಮೆ ನನ್ನ ಮುಖ ನೋಡಿ
ಕುಡಿಯತೊಡಗಿತು.