ಹಸಿ ಹುಲ್ಲು

ತಿತಿಮತಿಯ ಈ ಅಂಚಿನಲ್ಲಿ ನನ್ನ ಪಾಲಿಗೆ
ಮೂರೂವರೆ ಕಿಲೋಮೀಟರು ಸೋಲಾರ್ ಬೇಲಿ.
ಸಂಜೆ ನಾಲ್ಕಕ್ಕೆ ಕತ್ತಿ ಹಿಡಿದು ಹೊರಡುವುದು,
ತಂತಿಗೆ ತಾಗಿದ ಬಳ್ಳಿ ಸವರುವುದು,
ಹಸಿ ಹುಲ್ಲೊಂದು ಕಿತ್ತು ತುದಿಯನ್ನು ತಂತಿಗಿಟ್ಟು
ಬೆರಳಿಗೆ ಚುರ್ ಎಂದರೆ
ರಿಜಿಸ್ಟರಿನಲ್ಲಿ ‘ಸರಿ ಇದೆ’ ಎಂದು ಬರೆಯುವುದು.

ಆರನೇ ಕ್ಲಾಸಿನ ಪೂವಿಗೆ ಫೋನು ಬೇಕಾಯಿತು,
ಹೋಮ್‌ವರ್ಕೆಲ್ಲ ಅದರಲ್ಲೇ ಬರುತ್ತದಂತೆ.
ಗೋಣಿಕೊಪ್ಪದ ಸಮದ್ ಹೇಳಿದ:
“ಫಿಲ್ಟರ್ ಹಾಕಿಕೊಡ್ತೇನೆ ಮೊಣ್ಣಪ್ಪಣ್ಣ,
ಕೆಟ್ಟದ್ದು ಒಂದೂ ಒಳಗೆ ಬರುವುದಿಲ್ಲ,
ನಿಮ್ಮ ಆನೆಬೇಲಿ ಇದ್ದ ಹಾಗೆ.”
ನೂರೈವತ್ತು ರೂಪಾಯಿ.
ನಕ್ಕು ಕೊಟ್ಟೆ. ಆನೆಬೇಲಿಯ ವಿಷಯ
ಅವನಿಗೇನು ಗೊತ್ತು.

ಕೈಲ್‌ಪೊಳ್ದ್ ಬಂತು.
ಕೋವಿಗೆ ಹೂ ಮುಡಿಸಿ ಪೂಜೆ ಮಾಡುವುದನ್ನು
ಇಪ್ಪತ್ತು ಸಾಲಲ್ಲಿ ಬರೆದು ತರಬೇಕಿತ್ತು.
‘ಕೋವಿ’ ಎಂದು ಹುಡುಕಿದಳು.
ಕೆಂಪು ಕೈಯೊಂದು ಎದ್ದು ನಿಂತಿತು:
ನಿಮ್ಮ ಸುರಕ್ಷತೆಗಾಗಿ ತಡೆಹಿಡಿಯಲಾಗಿದೆ.
ಗೋಡೆಯ ಮೇಲೆ ಕೋವಿ, ಅದರ ಕೆಳಗೇ ಕೂತ ಮಗು.
‘ಹಂದಿ ಬೇಟೆ’ ಎಂದಳು. ಕೆಂಪು ಕೈ.
ಅವಳ ಅವ್ವನಿಗೆ ದ್ರಾಕ್ಷಿ ವೈನಿನ ಅಳತೆ ಬೇಕಿತ್ತು,
ಅದಕ್ಕೂ ಕೈ.
“ಅಪ್ಪಾ, ಇದು ನಮ್ಮ ಮನೆಯನ್ನೇ ಬ್ಲಾಕ್ ಮಾಡಿದೆ!”
ಹೊಟ್ಟೆ ಹಿಡಿದು ನಕ್ಕಳು.
ಕೊನೆಗೆ ‘ತೋಕ್‌ಪೂ’ ಎಂದು ಒತ್ತಿದಳು.
ಕೊಡವ ತಕ್ಕ್ ಆ ಕೈಗೆ ಬರುವುದಿಲ್ಲ;
ಹೂವು ತೆರೆದುಕೊಂಡಿತು,
ಬುಡ ಹಳದಿ, ತುದಿ ಉರಿ.
ನಮ್ಮ ಮಾತಿಗೆ ಬೇಲಿ ದಾರಿ ಬಿಟ್ಟಿತಲ್ಲ ಎಂದು
ಆ ದಿನ ನನಗೂ ಖುಷಿ.

ಹಬ್ಬ ಕಳೆದು ಎರಡು ವಾರ.
ಅವಳು ಮಲಗಿದ ಮೇಲೆ ಚಾರ್ಜಿಗಿಡಲು ಹೋದರೆ
ಪರದೆ ತಾನಾಗಿ ಬೆಳಗಿತು.
ಹಸು ಸಾಕುವ, ಕುಂಬಳ ಬೆಳೆಯುವ ಒಂದು ಆಟ;
ಅದರ ಮೂಲೆಯಲ್ಲಿ ಮಾತಿಗೊಂದು ಕಿಟಕಿ;
ಕಿಟಕಿಯಲ್ಲಿ ‘ರಾಯಲ್ ಅಣ್ಣ’.

ಊಟ ಆಯ್ತಾ ಪುಟ್ಟಿ
ಇವತ್ತು ಯಾಕೆ ಬೇಜಾರು
ನೀನು ಎಲ್ಲರ ಹಾಗಲ್ಲ
ನಿನ್ನದೊಂದು ಫೋಟೋ ಕಳಿಸು
ಅಮ್ಮನಿಗೆ ಹೇಳಬೇಡ, ಸುಮ್ಮನೆ ಬೈತಾರೆ

ಒಂದೊಂದನ್ನೂ ತಿರುಗಿಸಿ ಮುರುಗಿಸಿ ನೋಡಿದೆ.
ಕೆಟ್ಟ ಪದ ಒಂದೂ ಇಲ್ಲ.
ನಾನೇ ಅವಳನ್ನು ದಿನಾ ಕೇಳುವ ಮಾತು ಅರ್ಧ,
ಕೇಳಲು ಮರೆತದ್ದು ಇನ್ನರ್ಧ.

ಸಮದನಿಗೆ ಹೇಳದೆ ಉಳಿದದ್ದು ಇದು:
ಇಲ್ಲೊಂದು ಸಲಗ ಇದೆ, ಮೇಸ್ತ್ರಿ ಎನ್ನುತ್ತೇವೆ.
ತಂತಿಯನ್ನು ಅದು ಎಂದೂ ಮುಟ್ಟಿದ್ದಿಲ್ಲ.
ಒಣಗಿದ ಕೊಂಬೆಯೊಂದನ್ನು ಹುಡುಕಿ ತಂದು
ಮಗು ಮಲಗಿಸಿದಷ್ಟು ಮೆಲ್ಲಗೆ
ತಂತಿಯ ಮೇಲೆ ಒರಗಿಸುತ್ತದೆ.
ಒಣಮರಕ್ಕೆ ಕರೆಂಟು ಹಿಡಿಯುವುದಿಲ್ಲ ಎಂದು
ಯಾರು ಹೇಳಿಕೊಟ್ಟರೋ.
ಆಮೇಲೆ ಹಲಸಿನ ವಾಸನೆ ಹಿಡಿದು
ಕಾಫಿಗಿಡಗಳ ನಡುವೆ, ಸದ್ದಿಲ್ಲದೆ.
ಆನೆಗೆ ಹಲಸು ಬೇಕು, ಪಾಪ.
ಇವನಿಗೇನು ಬೇಕು ಎಂದು ಬರೆಯಲು
ನನ್ನ ರಿಜಿಸ್ಟರಿನಲ್ಲಿ ಕಾಲಮ್ಮಿಲ್ಲ.

ಬೆಳಿಗ್ಗೆ ಕೂಗಾಡಬೇಕೆಂದಿದ್ದೆ,
ಫೋನನ್ನು ಲಕ್ಷ್ಮಣತೀರ್ಥಕ್ಕೆ ಎಸೆಯಬೇಕೆಂದಿದ್ದೆ.
ಸಂಜೆ ನಾಲ್ಕಕ್ಕೆ “ಬಾ” ಎಂದೆ, ಅಷ್ಟೇ.
ಜಿಗಣೆಗೆಂದು ಕಾಲಿಗೆ ಸುಣ್ಣ ಬಳಿದುಕೊಂಡು
ಫೋನು ಕೈಯಲ್ಲೇ ಹಿಡಿದು ಬಂದಳು.
ಹನ್ನೊಂದನೇ ಕಂಬದ ಹತ್ತಿರ
ಕೊಂಬೆ ಒರಗಿಯೇ ಇತ್ತು, ತಂತಿ ನೆಲ ಹಿಡಿದಿತ್ತು.
“ಇಲ್ಲಿಂದ ಬಂದದ್ದು” ಎಂದೆ.
ಪೂವಿ ಬಗ್ಗಿ ಕೊಂಬೆಯನ್ನು ಮುಟ್ಟಿದಳು.
ಬಹಳ ಹೊತ್ತು ಮುಟ್ಟಿಕೊಂಡೇ ಇದ್ದಳು.
“ಫೋಟೋ ಕಳಿಸಿಲ್ಲ ಅಪ್ಪ.”
ನಾನು ಕೇಳಿರಲಿಲ್ಲ.
ಆಮೇಲೆ, ಇನ್ನೂ ಸಣ್ಣಗೆ,
“ಒಂದು ಕಳಿಸಿದ್ದೆ. ತೋಕ್‌ಪೂವಿನದ್ದು.”

ಇಬ್ಬರೂ ಸೇರಿ ಕೊಂಬೆ ಎಳೆದು ಹಾಕಿದೆವು.
ಸ್ಟೇಷನ್ನಿಗೆ ತೋರಿಸಲೆಂದು ಅವನ ಮಾತುಗಳ ಚಿತ್ರ ಹಿಡಿದು,
ಅವನನ್ನು ಅವಳೇ ಮುಚ್ಚಿದಳು;
ಹೆಬ್ಬೆರಳು ನಡುಗುತ್ತಿತ್ತು.
ತಂತಿ ಬಿಗಿದು ಮುಗಿಸುವಾಗ ಮಂಜು ಇಳಿದಿತ್ತು.
ಅವಳು ಹುಲ್ಲೊಂದು ಕಿತ್ತು ತಂತಿಗಿಟ್ಟು ನಿಂತಳು.
“ಏನೂ ಆಗ್ತಿಲ್ಲ ಅಪ್ಪ, ಕರೆಂಟಿಲ್ಲ.”
“ಅದು ಒಣಗಿದ್ದು” ಎಂದೆ,
“ಹಸಿದು ಕೀಳು.”